ಜೇಬಿನಲ್ಲಿದ್ದ ಬೆಣೆ

ಇದು ಆಪ್ತಸಮಾಲೋಚನೆಗೆ ಎಂದು ನನ್ನ ಹತ್ತಿರ ಬಂದ ಒಬ್ಬರ ಕಥೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಅವರ ವಯಸ್ಸು, ಮನೆಯವರ ವಿವರ, ಕೆಲಸದ ಜಾಗದ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರಿಗೇ ಓದಲು ಕೊಟ್ಟೆ. "ಮೇಡಂ, ಪ್ರೆಸ್ ಮಷಿನ್ ಬಗ್ಗೆ ಎರಡು ಕಡೆ ತಪ್ಪು ಬರೆದಿದ್ದೀರಿ" ಎಂದು ತಿದ್ದಿ ವಾಪಸ್ ಕೊಟ್ಟರು.

ಅವರು ಬಂದದ್ದು ಸಿಟ್ಟಿನ ಕಾರಣಕ್ಕೆ. ಬರಲು ಇಷ್ಟವಿರಲಿಲ್ಲ, ಹೆಂಡತಿಯ ಬಲವಂತ. ತಗಡಿನ ಶೀಟ್ ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ಹನ್ನೊಂದು ವರ್ಷದ ಸರ್ವೀಸು, ಒಂದು ದಿನವೂ ಯಾರ ಜೊತೆಯೂ ಜಗಳ ಇಲ್ಲ. ಈಗ ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಸಣ್ಣದಕ್ಕೂ ರೇಗಾಟ, ಮಗಳು ಹತ್ತಿರ ಬರಲೂ ಹೆದರುತ್ತಾಳೆ.

ನಾನು ಮಾಮೂಲಿ ದಾರಿ ಹಿಡಿದೆ. ಮಲಗುವ ಹೊತ್ತು, ಏಳುವ ಹೊತ್ತು, ನಿಧಾನವಾಗಿ ಉಸಿರು ಬಿಡುವುದು, ಸಿಟ್ಟು ಬಂದಾಗ ಜಾಗ ಬಿಟ್ಟು ಹೊರಗೆ ಹೋಗುವುದು. ಅವರು ಒಳ್ಳೆಯ ವಿದ್ಯಾರ್ಥಿ, ಎಲ್ಲವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಮಾಡಿ, ಪಕ್ಕದಲ್ಲಿ ಟಿಕ್ ಹಾಕಿ ತಂದು ತೋರಿಸಿದರು. ಎರಡು ಭೇಟಿ ಹಾಗೇ ಕಳೆಯಿತು. ಏನೂ ಬದಲಾಗಲಿಲ್ಲ. ಕೆಲಸದ ಜಾಗದಲ್ಲಿ ಏನಾಯಿತು ಎಂದು ನಾನು ಸರಿಯಾಗಿ ಕೇಳಿರಲೇ ಇಲ್ಲ. "ಕೆಲಸದಲ್ಲಿ ಒತ್ತಡ ಇದೆಯಾ?" "ಇರುತ್ತೆ ಮೇಡಂ." ಅಷ್ಟಕ್ಕೇ ಬಿಟ್ಟಿದ್ದೆ. ಅದು ನನ್ನ ತಪ್ಪು.

ಮೂರನೇ ಸಲ ಮಾತಿನ ನಡುವೆ ಸುಮ್ನೆ ಒಂದು ವಿಷಯ ಹೇಳಿದರು. ಮನೆಯ ಎಲ್ಲ ಬಾಗಿಲುಗಳ ಹಿಡಿಕೆಗೂ ಹಳೇ ಬಟ್ಟೆ ಸುತ್ತಿ ಕಟ್ಟಿದ್ದಾರಂತೆ, ಬಾಗಿಲು ಪೂರ್ತಿ ಮುಚ್ಚಬಾರದು ಎಂದು. ಹಿಂದಿನ ದಿನ ಮಗಳು ಚೌಕಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಬಾಗಿಲು ಅಲುಗಾಡಿರಲೂ ಇಲ್ಲ, ಇವರು ಕಿರುಚಿದ ರಭಸಕ್ಕೆ ಹುಡುಗಿ ಅರ್ಧ ಗಂಟೆ ಅತ್ತಳಂತೆ. "ಬೆರಳು ಮೇಡಂ..." ಎಂದು ಶುರು ಮಾಡಿ ನಿಲ್ಲಿಸಿದರು.

"ಯಾರ ಬೆರಳು?" ಎಂದೆ.

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪ್ಯಾಂಟಿನ ಜೇಬಿನಿಂದ ಒಂದು ಮರದ ಬೆಣೆ ತೆಗೆದು ಮೇಜಿನ ಮೇಲೆ ಇಟ್ಟರು. ಹೆಬ್ಬೆರಳಿನಷ್ಟು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು. ಎಣ್ಣೆ ಕುಡಿದು ಕಪ್ಪಾಗಿತ್ತು. ಬಟನ್ನಿನ ಅಂಚು ತಾಗಿ ತಾಗಿ ಒಂದು ಮಗ್ಗುಲಲ್ಲಿ ಅರ್ಧಚಂದ್ರದ ಹಾಗೆ ಗುರುತು ಬಿದ್ದಿತ್ತು.

ಪ್ರೆಸ್ ಮಷಿನ್ ನೋಡದವರಿಗೆ ಇದು ಅರ್ಥವಾಗುವುದಿಲ್ಲ, ನನಗೂ ಆಗಲಿಲ್ಲ. ಅವರೇ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಡೈ ಅಂದರೆ ಅಚ್ಚು, ಅದರ ಮೇಲೆ ಶೀಟ್ ಇಡಬೇಕು, ಮೇಲಿನ ಭಾಗ ಇಳಿದು ಒತ್ತುತ್ತದೆ. ಇಳಿಯಬೇಕಾದರೆ ಎಡಕ್ಕೊಂದು ಬಲಕ್ಕೊಂದು ದೂರದೂರ ಇರುವ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಡೈ ಒಳಗೆ ಯಾವ ಕೈಯೂ ಇರುವುದಿಲ್ಲ, ಅಷ್ಟೇ ಲೆಕ್ಕ. ಬಟನ್ ದೂರ ಇರುವುದಕ್ಕೂ ಲೆಕ್ಕ ಇದೆ. ಮನುಷ್ಯನ ಕೈ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ ಚಲಿಸುತ್ತದೆ ಎಂದು ಹಿಡಿದು, ಬಟನ್ ಬಿಟ್ಟ ಕೈ ಡೈ ತಲುಪುವ ಮೊದಲೇ ಅಪಾಯ ಮುಗಿದಿರಬೇಕು ಎಂದು ಆ ದೂರ ಗೊತ್ತು ಮಾಡುತ್ತಾರೆ. ಒಳ್ಳೆಯ ಪ್ರೆಸ್‌ಗಳಲ್ಲಿ ಎರಡು ಬಟನ್ನೂ ಅರ್ಧ ಸೆಕೆಂಡಿನೊಳಗೆ ಬೀಳಬೇಕು, ಪ್ರತಿ ಸಲವೂ ಎರಡನ್ನೂ ಬಿಟ್ಟು ಹೊಸದಾಗಿ ಒತ್ತಬೇಕು. ಒಂದನ್ನು ಒತ್ತಿ ಕಟ್ಟಿಟ್ಟರೆ ಮಷಿನ್ ಇಳಿಯುವುದೇ ಇಲ್ಲ. ಇದನ್ನು ನೋಡಿಕೊಳ್ಳುವುದು ರಿಲೇ ಎನ್ನುವ ಒಂದು ವಿದ್ಯುತ್ ಸ್ವಿಚ್. ಇವರ ಪ್ರೆಸ್‌ನಲ್ಲಿ ಆ ರಿಲೇ ಕೆಟ್ಟು ಯಾವ ಕಾಲವೋ ಆಗಿತ್ತು. ರಿಪೇರಿಗೆ ಬರೆದು ಕೊಟ್ಟದ್ದು ಎಲ್ಲೋ ಕೂತಿತ್ತು.

ಇಷ್ಟು ಹೇಳುವಾಗ ಅವರು ಮೊದಲ ಸಲ ನೆಟ್ಟಗೆ ಕೂತಿದ್ದರು. ದನಿಯೂ ಬೇರೆ. ತನ್ನ ಕೆಲಸ ಗೊತ್ತಿರುವ ಮನುಷ್ಯನ ದನಿ.

ಎಡಗಡೆ ಬಟನ್ ಸಂದಿಗೆ ಬೆಣೆ ತುರುಕಿದರೆ ಅದು ಒತ್ತಿಕೊಂಡೇ ಇರುತ್ತದೆ. ಬಲಗೈಯಲ್ಲಿ ಬಟನ್, ಎಡಗೈಯಲ್ಲಿ ಶೀಟ್. ಕೆಲಸ ಸರಸರ ಸಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಅರ್ಜೆಂಟ್ ಆರ್ಡರ್ ಬಂದಾಗ ಈ ಬೆಣೆ ಕೆತ್ತಿದ್ದು ಇವರೇ. ಒಂದು ವಾರಕ್ಕೆ ಅಂತ. ಆ ವಾರ ಮುಗಿಯುವಷ್ಟರಲ್ಲಿ ಗಂಟೆಗೆ ಇಷ್ಟು ಪೀಸ್ ಆಗುತ್ತದೆ ಎಂದು ಯಾರೋ ಬಂದು ಅಳೆದುಕೊಂಡು ಹೋದರು, ಅದೇ ಟಾರ್ಗೆಟ್ ಆಯಿತು. ಅಂದರೆ ಟಾರ್ಗೆಟ್ಟಿನ ಒಳಗೇ ಬೆಣೆ ಸೇರಿಕೊಂಡಿತು. ಆಮೇಲೆ ತೆಗೆಯುವುದು ಹೇಗೆ? ದಿನಾ ಬೆಳಿಗ್ಗೆ ಚೆಕ್‌ಲಿಸ್ಟಿನಲ್ಲಿ "ಎರಡು ಕೈ ಬಟನ್ ಸರಿ ಇದೆ" ಎನ್ನುವ ಸಾಲಿನ ಮುಂದೆ ಟಿಕ್ ಹಾಕಿ ಸಹಿ ಮಾಡುತ್ತಿದ್ದವರೂ ಇವರೇ. (ನನ್ನ ಉಸಿರಾಟದ ಪಾಠಕ್ಕೆ ಹಾಕಿ ತಂದ ಟಿಕ್‌ಗಳು ಆಗ ನೆನಪಾದವು.)

ಎರಡು ತಿಂಗಳ ಹಿಂದೆ ರಾತ್ರಿ ಪಾಳಿಯಲ್ಲಿ ಹೊಸ ಹುಡುಗನೊಬ್ಬ ಆ ಪ್ರೆಸ್ ಮೇಲಿದ್ದ. ಶೀಟ್ ಓರೆಯಾಯಿತು, ಎಡಗೈ ಹಾಕಿ ಸರಿಪಡಿಸಲು ಹೋದ, ಬಲಗೈ ಬಟನ್ ಒತ್ತಿತು. ಕೈ ಹೊರಗೆ ಬಂತು, ಗ್ಲೌಸಿನ ಎರಡು ಬೆರಳ ತುದಿ ಒಳಗೇ ಉಳಿಯಿತು. ಸ್ಟೋರ್‌ನಲ್ಲಿ ಅವನ ಸೈಜಿನ ಗ್ಲೌಸ್ ಮುಗಿದಿತ್ತು, ಒಂದು ಸೈಜ್ ದೊಡ್ಡದು ಕೊಟ್ಟಿದ್ದರು. ಕತ್ತರಿಸಿ ಹೋದದ್ದು ಆ ಖಾಲಿ ತುದಿ. ಹುಡುಗ ನಕ್ಕ. ಅಕ್ಕಪಕ್ಕದವರೂ ನಕ್ಕರು. ಇವರು ಡೈ ಒಳಗಿಂದ ಬಟ್ಟೆಯ ಆ ಎರಡು ಚೂರು ಹೆಕ್ಕಿ ತೆಗೆದರು. ಒಂದು ಕ್ಷಣ ಒಳಗೆ ಬೆರಳಿದೆಯಾ ಎಂದು ಹಿಚುಕಿ ನೋಡಿದರಂತೆ. ರಾತ್ರಿ ಮೂರಕ್ಕೆ ಎಚ್ಚರವಾಗುವಾಗ ಬೆರಳ ತುದಿಯಲ್ಲಿ ಅದೇ ಮೆತ್ತನೆ ಇರುತ್ತದೆ ಎಂದರು.

ಯಾರೂ ಏನೂ ಬರೆಯಲಿಲ್ಲ. ಯಾರಿಗೂ ಗಾಯವಾಗಿಲ್ಲವಲ್ಲ. ಇವರು ಬೆಣೆ ತೆಗೆದು ಜೇಬಿಗೆ ಹಾಕಿಕೊಂಡರು. ಮಾರನೇ ದಿನ ನೋಡಿದರೆ ಆ ಸಂದಿಯಲ್ಲಿ ಇನ್ನೊಂದು ಬೆಣೆ.

ಈ ಕೊನೆಯ ಮಾತು ಕೇಳಿ ನಾನು ಪೆನ್ನು ಕೆಳಗಿಟ್ಟೆ. ಅಲ್ಲಿಯವರೆಗೆ ಮುಗಿದುಹೋದ ಘಟನೆಯ ಕಥೆ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಇನ್ನೂ ನಡೆಯುತ್ತಿತ್ತು, ನಾವು ಮಾತಾಡುತ್ತಿದ್ದ ಆ ಹೊತ್ತಿನಲ್ಲೂ. ಅವರ ಭಯಕ್ಕೆ ನಾನು ಉಸಿರಾಟದ ಮದ್ದು ಕೊಟ್ಟಿದ್ದೆ, ಆದರೆ ಆ ಭಯ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅಪಾಯ ಇರುವ ಕಡೆ ಬೆರಳು ತೋರಿಸುತ್ತಿತ್ತು. ಅದನ್ನು ಅಡಗಿಸಿ ಅವರನ್ನು ಶಾಂತವಾಗಿ ಮತ್ತೆ ಅದೇ ಪ್ರೆಸ್ ಮುಂದೆ ನಿಲ್ಲಿಸಿದ್ದರೆ ನಾನು ಯಾರಿಗೆ ಸಹಾಯ ಮಾಡಿದ ಹಾಗಾಗುತ್ತಿತ್ತು?

ಇಲ್ಲಿ ಗುಟ್ಟಿನ ಪ್ರಶ್ನೆಯೂ ಬರುತ್ತದೆ. ನಮ್ಮಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಿರುತ್ತೇವೆ, ಯಾರದಾದರೂ ಜೀವಕ್ಕೋ ಮೈಗೋ ದೊಡ್ಡ ಅಪಾಯ ಇದ್ದರೆ ಆ ಮಾತಿಗೆ ಮಿತಿ ಇದೆ ಎಂದೂ ಹೇಳಿರುತ್ತೇವೆ. ಆ ಎರಡನೇ ಮಾತನ್ನು ಅವರಿಗೆ ನೆನಪಿಸಿದೆ. "ನಿಮ್ಮ ಬೆನ್ನ ಹಿಂದೆ ನಾನು ಏನೂ ಮಾಡುವುದಿಲ್ಲ. ಆದರೆ ಇದು ಹೀಗೇ ನಡೆಯುತ್ತಿದ್ದರೆ ನಾನು ಸುಮ್ಮನಿರಲು ಆಗದೆ ಹೋಗಬಹುದು. ನೀವೇ ಮಾಡಿದರೆ ಒಳ್ಳೆಯದು." ಅದೇ ಸಂಜೆ ನನ್ನ ಹಿರಿಯ ಸಲಹೆಗಾರರಿಗೂ ಫೋನ್ ಮಾಡಿ ಕೇಳಿದೆ. ಹೆಸರು ಹೇಳಲಿಲ್ಲ.

"ಮಷಿನ್ ನಿಲ್ಲಿಸಿದರೆ ನನ್ನನ್ನೇ ನಿಲ್ಲಿಸುತ್ತಾರೆ" ಎಂದರು ಅವರು. ಸುಳ್ಳು ಧೈರ್ಯ ಹೇಳಲು ನನಗೆ ಮನಸ್ಸಾಗಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಪ್ಪಂದದಲ್ಲಿ ಒಂದು ಮಾತಿದೆ: ಜೀವಕ್ಕೋ ಆರೋಗ್ಯಕ್ಕೋ ಗಂಭೀರ ಅಪಾಯ ಎದುರಿಗೇ ಇದೆ ಎಂದು ನಂಬಲು ಸರಿಯಾದ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವನಿಗೆ ಅದಕ್ಕಾಗಿ ತೊಂದರೆ ಕೊಡಬಾರದು. 2022ರ ಜೂನ್‌ನಲ್ಲಿ ಸುರಕ್ಷಿತ, ಆರೋಗ್ಯಕರ ಕೆಲಸದ ಜಾಗ ಎನ್ನುವುದನ್ನು ಆ ಸಂಸ್ಥೆ ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೂ ಸೇರಿಸಿತು. ಇದನ್ನೆಲ್ಲ ಹೇಳಿದೆ. ಜೊತೆಗೆ, ಕಾಗದದ ಮೇಲಿನ ಹಕ್ಕು ರಾತ್ರಿ ಪಾಳಿಯಲ್ಲಿ ಒಬ್ಬನೇ ನಿಂತವನ ಪಕ್ಕಕ್ಕೆ ತಾನಾಗಿ ಬಂದು ನಿಲ್ಲುವುದಿಲ್ಲ ಎಂದೂ ಹೇಳಿದೆ. ಹಾಗಾಗಿ ಒಬ್ಬರೇ ಹೋಗಬೇಡಿ, ಮೊದಲು ಸುರಕ್ಷಾ ಸಮಿತಿಯಲ್ಲಿರುವ ಕಾರ್ಮಿಕರ ಪ್ರತಿನಿಧಿ ಜೊತೆ ಮಾತಾಡಿ, ನಿಮ್ಮ ಸಹಿಯ ವಿಷಯ ಇರುವುದರಿಂದ ಕಾನೂನು ಗೊತ್ತಿರುವ ಒಬ್ಬರನ್ನೂ ಕೇಳಿ ಎಂದೆ.

ಮಷಿನ್ ವಿಷಯಕ್ಕೆ ಕೊಟ್ಟ ಸಲಹೆ ಸರಳ. ಇವತ್ತಿನ ಪಾಳಿಯಿಂದಲೇ ಬೆಣೆ ಹೊರಗೆ. ರಿಲೇ ಸರಿಯಾಗುವವರೆಗೆ ಆ ಪ್ರೆಸ್ ಓಡಬಾರದು. ಸೂಪರ್‌ವೈಸರ್ ಆಗಿ ಅಷ್ಟು ಅಧಿಕಾರ ಅವರಿಗೆ ಇತ್ತು, ಬಳಸಿರಲಿಲ್ಲ ಅಷ್ಟೇ. ಆಮೇಲೆ ವರದಿ. ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ಬರೆಯಬೇಕು, ಯಾಕೆಂದರೆ ಬೆರಳು ಉಳಿದದ್ದಕ್ಕೂ ಹೋಗುವುದಕ್ಕೂ ನಡುವೆ ಇದ್ದದ್ದು ಗ್ಲೌಸಿನ ಒಂದು ಸೈಜು ಮಾತ್ರ, ಉಳಿದ ಕಾರಣಗಳೆಲ್ಲ ಒಂದೇ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮಷಿನ್, ಏನಾಯಿತು, ಏನಾಗಬಹುದಿತ್ತು, ರಿಪೇರಿಗೆ ಬರೆದುಕೊಟ್ಟದ್ದು ಯಾವಾಗ. ಹುಡುಗನ ಮೇಲೆ ತಪ್ಪು ಹೊರಿಸುವ ಒಂದು ಪದವೂ ಬೇಡ. ನಿಮ್ಮ ಪಾಲನ್ನು ಮುಚ್ಚಬೇಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಏನು ಕೇಳಬೇಕು ಎಂಬುದನ್ನೂ ಒಟ್ಟಿಗೆ ಕೂತು ಬರೆದೆವು. ಸುರಕ್ಷತೆಯಲ್ಲಿ ಒಂದು ಕ್ರಮ ಇದೆ: ಮೊದಲು ಅಪಾಯವನ್ನೇ ಇಲ್ಲವಾಗಿಸುವುದು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ತರುವುದು, ಆಮೇಲೆ ಗಾರ್ಡ್ ತರಹದ ತಾಂತ್ರಿಕ ತಡೆ, ಆಮೇಲೆ ತರಬೇತಿ ಮತ್ತು ನಿಯಮ, ಎಲ್ಲಕ್ಕಿಂತ ಕೊನೆಗೆ ಗ್ಲೌಸು, ಹೆಲ್ಮೆಟ್ಟು. ಬಹಳ ಕಡೆ ಇದು ತಲೆಕೆಳಗಾಗಿರುತ್ತದೆ, ಗ್ಲೌಸ್ ಹಂಚಿ ಫೋಟೊ ತೆಗೆಸಿಕೊಂಡರೆ ಮುಗಿಯಿತು. ಕೈ ಡೈ ಒಳಗೆ ಹೋಗುವ ಅಗತ್ಯವೇ ಇರದ ಹಾಗೆ ಶೀಟ್ ಜಾರಿಸುವ ಟ್ರೇ ಮಾಡಿಸಬಹುದು ಎಂದು ಅವರೇ ಹೇಳಿದರು. ಬೆಳಕಿನ ಪರದೆ ಹಾಕಿಸಬಹುದಲ್ವಾ, ಕೈ ಅಡ್ಡ ಬಂದರೆ ನಿಲ್ಲುತ್ತದಲ್ಲ ಎಂದು ನಾನು ಜಾಣತನ ತೋರಿಸಲು ಹೋದೆ. ನಕ್ಕರು. ಹಳೇ ತರಹದ ಕ್ಲಚ್ ಇರುವ ಪ್ರೆಸ್ ಒಮ್ಮೆ ಹೊರಟರೆ ಸುತ್ತು ಮುಗಿಸದೆ ನಿಲ್ಲುವುದಿಲ್ಲವಂತೆ, ಅದಕ್ಕೆ ಬೆಳಕಿನ ಪರದೆ ಇದ್ದೂ ಉಪಯೋಗವಿಲ್ಲವಂತೆ. ನಾನು ತಿದ್ದಿಸಿಕೊಂಡ ಎರಡರಲ್ಲಿ ಇದೊಂದು.

ಟಾರ್ಗೆಟ್ ಬಗ್ಗೆಯೂ ಬರೆಯಿರಿ ಎಂದು ಒತ್ತಿ ಹೇಳಿದೆ. ಎರಡು ಕೈಯಲ್ಲಿ ಒಂದು ಗಂಟೆ ಓಡಿಸಿ ಎಷ್ಟು ಪೀಸ್ ಆಗುತ್ತದೋ ಅದೇ ನಿಜವಾದ ಲೆಕ್ಕ. ಅದು ಬದಲಾಗದಿದ್ದರೆ ಯಾರ ಜೇಬಿನಿಂದಲೋ ಮೂರನೇ ಬೆಣೆ ಬರುತ್ತದೆ.

ಇನ್ನು ಅವರ ಮನಸ್ಸಿನ ವಿಷಯ. ಭಯದ ಘಟನೆ ಆದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಅದೇ ದೃಶ್ಯ ಕಣ್ಣ ಮುಂದೆ ಬರುವುದು ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಬಿಡದಿದ್ದರೆ ತೋರಿಸಬೇಕು. ಇವರದು ಎರಡು ತಿಂಗಳಾಗಿತ್ತು. ಮನೋವೈದ್ಯರ ಹತ್ತಿರ ಕಳಿಸಿದೆ, ಅವರ ಚಿಕಿತ್ಸೆ ಒಂದು ಕಡೆ, ನನ್ನ ಮಾತುಕತೆ ಇನ್ನೊಂದು ಕಡೆ ನಡೆಯಿತು.

ಒಂದು ದಿನ ಕಾಗದದ ಮೇಲೆ ದೊಡ್ಡ ವೃತ್ತ ಬರೆದು, ಆ ರಾತ್ರಿಯ ಹೊಣೆಯನ್ನು ಹಂಚಿ ಎಂದೆ. ಮೊದಲು ಇಡೀ ವೃತ್ತವನ್ನು ತನಗೇ ಬಳಿದುಕೊಂಡರು. ಬೇರೆಯವರಿಂದ ಶುರು ಮಾಡಿ ಎಂದೆ. ರಿಪೇರಿ ಮಾಡದವರಿಗೆ ಒಂದು ಪಾಲು, ಟಾರ್ಗೆಟ್ ಇಟ್ಟವರಿಗೆ ದೊಡ್ಡ ಪಾಲು, ತರಬೇತಿ ಕೊಡದೆ ಹೊಸಬನನ್ನು ರಾತ್ರಿ ಪಾಳಿಗೆ ಹಾಕಿದವರಿಗೆ ಒಂದು ಪಾಲು. ಕೊನೆಗೆ ಕಾಲು ಭಾಗ ಉಳಿಯಿತು. "ಇದು ನನ್ನದೇ ಮೇಡಂ, ಇದನ್ನು ಕಡಿಮೆ ಮಾಡಬೇಡಿ" ಎಂದರು. ನಾನು ಮಾಡಲಿಲ್ಲ. ನಿಮ್ಮದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ ಎನಿಸುತ್ತದೆ. ಆ ಕಾಲು ಭಾಗಕ್ಕೆ ಏನು ಮಾಡುತ್ತೀರಿ ಎಂದಷ್ಟೇ ಕೇಳಿದೆ.

ಹುಡುಗನ ಹತ್ತಿರ ಹೋಗಿ ಆ ಬೆಣೆ ಮಾಡಿದ್ದು ನಾನು ಎಂದು ಹೇಳಿದರಂತೆ. ಹುಡುಗ ಸ್ವಲ್ಪ ಹೊತ್ತು ನೋಡಿ, "ಗೊತ್ತು ಸಾರ್, ಎಲ್ಲರಿಗೂ ಗೊತ್ತು" ಎಂದನಂತೆ. ಅವನಿಗೂ ನಿದ್ದೆ ಇರಲಿಲ್ಲ. ಆವತ್ತು ನಕ್ಕದ್ದು ಕೈ ನಡುಗುತ್ತಿದ್ದದ್ದು ಕಾಣಬಾರದು ಎಂದು.

ವರದಿ ಕೊಟ್ಟರು. ಬೆಣೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅದಕ್ಕೇ ಪಿನ್ ಹೊಡೆದು ಕೊಟ್ಟರು. ಹದಿನೈದು ದಿನ ಬಹಳ ಕಷ್ಟವಾಯಿತು. ಮೀಟಿಂಗು, ವಿಚಾರಣೆ, ಎಚ್ಚರಿಕೆ ಪತ್ರ. ಕೆಲಸ ಉಳಿಯಿತು, ಆದರೆ ಬಡ್ತಿಯ ಪಟ್ಟಿಯಿಂದ ಹೆಸರು ಹೋಯಿತು. ಪ್ರೆಸ್‌ಗೆ ರಿಲೇ ಬಂತು, ಟ್ರೇ ಬಂತು. ಟಾರ್ಗೆಟ್ ಇಳಿಯಿತು, ಅವರು ಕೇಳಿದಷ್ಟು ಇಳಿಯಲಿಲ್ಲ. ಪಕ್ಕದ ಎರಡು ಮಷಿನ್‌ಗಳ ಮಾತು ಇನ್ನೂ ನಡೆಯುತ್ತಿದೆ.

ಈ ನಡುವೆ ಕಾರ್ಖಾನೆ ಕಡೆಯಿಂದ ನನಗೇ ಒಂದು ಕರೆ ಬಂತು. ನನ್ನ ನಂಬರ್ ಇವರನ್ನೇ ಕೇಳಿ ಪಡೆದಿದ್ದರು. ಎಲ್ಲ ಕೆಲಸಗಾರರನ್ನೂ ಒಂದು ಹಾಲ್‌ನಲ್ಲಿ ಕೂರಿಸುತ್ತೇವೆ, ನೀವು ಬಂದು ಒಂದು ಗಂಟೆ ಮನಸ್ಸು ಬಿಚ್ಚಿ ಮಾತಾಡಿಸಿ, ಒತ್ತಡ ನಿಭಾಯಿಸುವುದು ಹೇಳಿಕೊಡಿ ಎಂದರು. ಬರುವುದಿಲ್ಲ ಎಂದೆ. ಗಾಬರಿಯಾದವರನ್ನು ಹೀಗೆ ಸೇರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಎನ್ನುತ್ತದೆ. ಒಬ್ಬೊಬ್ಬರಾಗಿ ಬಂದರೆ ನೋಡುತ್ತೇನೆ, ಅದಕ್ಕೂ ಮೊದಲು ಉಳಿದೆರಡು ಮಷಿನ್ ಸರಿ ಮಾಡಿಸಿ ಎಂದು ಹೇಳಿ ಫೋನ್ ಇಟ್ಟೆ. ಸ್ವಲ್ಪ ಒರಟಾಗಿಯೇ ಹೇಳಿದೆ ಅನಿಸುತ್ತದೆ.

ಕೊನೆಯ ಭೇಟಿಯಲ್ಲಿ ಬಾಗಿಲುಗಳ ಬಗ್ಗೆ ಕೇಳಿದೆ. ಮಗಳೂ ಅವರೂ ಕೂತು ಬಟ್ಟೆ ಬಿಚ್ಚಿದರಂತೆ, ದಿನಕ್ಕೆ ಒಂದು ಬಾಗಿಲು. ಬಚ್ಚಲುಮನೆಯದು ಮಾತ್ರ ಇನ್ನೂ ಹಾಗೇ ಇದೆ. ಆ ಬಾಗಿಲು ತುಂಬ ಭಾರ ಅಂತೆ.