ಅಬಾರ್ಷನ್ ಮಾಡಿಸ್ಕೊಂಡ್ರೆ ಡಾಕ್ಟ್ರು ಗಂಡನಿಗೆ ಹೇಳ್ತಾರಾ?

ಇಲ್ಲ, ನೀವು ಒಪ್ಪದೆ ಹೇಳೋ ಹಾಗಿಲ್ಲ. ನಮ್ಮ ದೇಶದ ಗರ್ಭಪಾತ ಕಾಯ್ದೆಗೆ (ಎಂಟಿಪಿ, 1971) 2021ರ ತಿದ್ದುಪಡಿಲಿ 5ಎ ಅಂತ ಸೆಕ್ಷನ್ ಸೇರಿದೆ, ಅದರ ಪ್ರಕಾರ ಅಬಾರ್ಷನ್ ಆದ ಹೆಂಗಸಿನ ಹೆಸರು, ವಿವರ ಡಾಕ್ಟ್ರು ಹೊರಗೆ ಬಿಡಬಾರದು, ಕಾನೂನಿನ ಅಧಿಕಾರ ಇರೋರಿಗೆ ಮಾತ್ರ ಕೊಡಬಹುದು, ತಪ್ಪಿದ್ರೆ 1 ವರ್ಷದವರೆಗೆ ಜೈಲು ಇಲ್ಲಾ ದಂಡ ಇಲ್ಲಾ ಎರಡೂ. ವಯಸ್ಸು 18 ತುಂಬಿದ್ರೆ ನಿಮ್ಮ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನು ಕೇಳಲ್ಲ, ಆದ್ರೂ ಕೆಲವು ಕಡೆ ಕೇಳ್ತಾರೆ, ಅದು ತಪ್ಪು.

ಗುಟ್ಟು ಯಾಕೆ ಮುಖ್ಯ ಅಂದ್ರೆ, ಊರಲ್ಲಿ ಸುದ್ದಿ ಆಗುತ್ತೆ ಅನ್ನೋ ಭಯಕ್ಕೆ ಹೆಂಗಸರು ಆಸ್ಪತ್ರೆ ಬಿಟ್ಟು ಮೆಡಿಕಲ್ ಶಾಪಿನ ಮಾತ್ರೆ ಕದ್ದುಮುಚ್ಚಿ ನುಂಗ್ತಾರೆ, ರಕ್ತ ಜಾಸ್ತಿ ಹೋಗ್ತಿದ್ರೂ ಬಾಯಿ ಬಿಡಲ್ಲ, ಜೀವಕ್ಕೆ ಕುತ್ತು ಬರೋದೇ ಅಲ್ಲಿ. ಜೊತೇಲಿ ಯಾರಾದ್ರೂ ಬಂದಿದ್ರೆ, ಡಾಕ್ಟ್ರ ಹತ್ರ ಒಬ್ಬಳೇ ಮಾತಾಡ್ಬೇಕು ಅಂತ ನರ್ಸಿಗೆ ಹೇಳಿ.