ಮಾಡೆಲ್ ರೈಲು ಬೋಗಿಗೆ ಅಂಟಿಸಿದ ಡೀಕಾಲ್ (ಅಕ್ಷರ, ಚಿಹ್ನೆಗಳ ತೆಳು ಸ್ಟಿಕ್ಕರ್) ಸುತ್ತ ಬೆಳ್ಳಿಯಂತೆ ಮಿಂಚುವುದೇಕೆ?

ಮ್ಯಾಟ್ (ಹೊಳಪಿಲ್ಲದ) ಪೇಂಟ್ ನುಣುಪಾಗಿ ಕಂಡರೂ ಅದರ ಮೈ ತರಿತರಿ. ಆ ತಗ್ಗುಗಳಲ್ಲಿ ಡೀಕಾಲ್ ಅಡಿ ಸಿಕ್ಕಿಕೊಂಡ ಗಾಳಿ ಬೆಳಕನ್ನು ಚದುರಿಸುತ್ತದೆ. ಬೆಳ್ಳಿ ಮಿಂಚು ಅದೇ. ಹಾಗಾಗಿ ಡೀಕಾಲ್‌ಗೆ ಮೊದಲು ಹೊಳಪಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಬೇಕೇ ಬೇಕು. ಹೊಳಪಿನ ಪೇಂಟನ್ನೇ ಬಳಿದಿದ್ದರೆ ಬಿಡಬಹುದು.

ಪ್ಲಾಸ್ಟಿಕ್ ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಪೇಂಟ್ ಎದ್ದು ಬರುತ್ತದೆ. ಆಮೇಲೆ ಬರಿಗೈಲಿ ಮುಟ್ಟಬೇಡಿ. ತಿಳಿ ಬೂದು ಪ್ರೈಮರ್, ಅದರ ಮೇಲೆ ಬಣ್ಣದ ಎರಡು ಮೂರು ತೆಳು ಪದರ. ಒಂದೇ ಸಲ ದಪ್ಪಗೆ ಹೊಡೆದರೆ 1:87 ಅಳತೆಯ (ನಿಜದ ಬೋಗಿಯ 87ನೇ ಒಂದು ಪಾಲಿನ) ಬೋಗಿಯ ರಿವೆಟ್‌ಗಳು ಮುಚ್ಚಿಹೋಗುತ್ತವೆ. ಪೇಂಟಿನ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಎನಾಮೆಲ್ ಆದರೆ ದಿನಗಟ್ಟಲೆ. ಡೀಕಾಲ್ ಒಣಗಿದ ಮೇಲೆ ಮ್ಯಾಟ್ ಕ್ಲಿಯರ್ ಹೊಡೆದರೆ ಅಂಚು ಹೆಚ್ಚುಕಡಿಮೆ ಕಾಣುವುದಿಲ್ಲ.