ಹುಲ್ಲುಹಾಸಿಗೆ ತೇವ ಎಷ್ಟಿರಬೇಕು?

ಪ್ರಶ್ನೆ: ದಿನವೂ ನೀರು ಹಾಯಿಸುತ್ತಿದ್ದರೂ ನಮ್ಮ ಹುಲ್ಲುಹಾಸು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿದೆ. ಎರಡು ಕಡ್ಡಿಗಳಿರುವ ತೇವಾಂಶ ಮಾಪಕವನ್ನು ಚುಚ್ಚಿ ನೋಡಿದಾಗ ಒಂದು ಕಡೆ ಶೇ. 22, ಇನ್ನೊಂದು ಕಡೆ ಶೇ. 9 ಎಂದು ತೋರಿಸಿತು. ಎಷ್ಟಕ್ಕೆ ಇಳಿದಾಗ ನೀರು ಕೊಡಬೇಕು?

ಉತ್ತರ: ಎಲ್ಲ ಹುಲ್ಲುಹಾಸುಗಳಿಗೂ ಸಲ್ಲುವ ಒಂದು ಅಂಕಿಯಿಲ್ಲ. ನಿಮ್ಮ ಮಾಪಕವು ಹೇಳುವುದು ಮಣ್ಣಿನ ಒಟ್ಟು ಗಾತ್ರದಲ್ಲಿ ನೀರಿನ ಪಾಲೆಷ್ಟು ಎಂಬುದನ್ನು ಮಾತ್ರ. ಅದರಲ್ಲಿ ಬೇರಿಗೆ ದಕ್ಕುವುದೆಷ್ಟು ಎಂಬುದು ಮಣ್ಣಿನ ಗುಣಕ್ಕೆ ಬಿಟ್ಟದ್ದು. ಜೇಡಿಮಣ್ಣಿನ ತೀರ ಸಣ್ಣ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಶೇ. 20ರಷ್ಟು ನೀರಿದ್ದಾಗಲೂ ಹುಲ್ಲು ಬಾಡಬಹುದು, ಮರಳುಮಣ್ಣಿನಲ್ಲಾದರೆ ಶೇ. 10ರ ಆಸುಪಾಸಿನಲ್ಲಿಯೂ ಅದು ಹಸಿರಾಗಿಯೇ ಇರಬಹುದು.

ಆದ್ದರಿಂದ ನಿಮ್ಮ ಮಣ್ಣಿನ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು. ಒಂದು ಸಣ್ಣ ಭಾಗಕ್ಕೆ ನೀರು ನಿಲ್ಲಿಸಿ, ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಆಳದಲ್ಲಿ, ನಾಲ್ಕಾರು ಕಡೆ ಅಳೆದು ಸರಾಸರಿಯನ್ನು ಬರೆದಿಡಿ. ಹುಲ್ಲಿನ ಬಣ್ಣ ನೀಲಿಬೂದಿಗೆ ತಿರುಗಿ, ತುಳಿದ ಹೆಜ್ಜೆಯ ಗುರುತು ಮೇಲೇಳದೆ ಹಾಗೆಯೇ ಉಳಿದ ದಿನ ಬಂದ ಅಂಕಿಯೇ ಬಾಡುವ ಮಟ್ಟ. ಅದಕ್ಕಿಂತ ಮೂರ್ನಾಲ್ಕು ಅಂಕಿ ಮೇಲಿರುವಾಗಲೇ ನೀರು ಕೊಟ್ಟರೆ ಸಾಕು. ಬಿಸಿಲು, ನೆರಳು, ಇಳಿಜಾರುಗಳಲ್ಲಿ ಮಣ್ಣು ಬೇರೆ ಬೇರೆ ವೇಗದಲ್ಲಿ ಒಣಗುವುದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯಬೇಕು.

ಮಾಪಕವನ್ನು ಕಣ್ಣು ಮುಚ್ಚಿ ನಂಬಬಾರದು. ಇಂತಹ ಮಾಪಕಗಳಲ್ಲಿ ಹೆಚ್ಚಿನವು ಮಣ್ಣಿನ ವಿದ್ಯುತ್ ಗುಣವನ್ನು ಅಳೆದು ತೇವವನ್ನು ಲೆಕ್ಕಹಾಕುತ್ತವೆ: ಡೈಎಲೆಕ್ಟ್ರಿಕ್ ಸ್ಥಿರಾಂಕವು (ವಿದ್ಯುತ್ ಕ್ಷೇತ್ರದಲ್ಲಿ ವಸ್ತುವು ಎಷ್ಟು ವಿದ್ಯುತ್ ಶಕ್ತಿಯನ್ನು ಹಿಡಿದಿಡಬಲ್ಲದು ಎಂಬುದರ ಅಳತೆ) ನೀರಿಗೆ ಸುಮಾರು 80, ಒಣ ಖನಿಜಕ್ಕೆ 3ರಿಂದ 5, ಗಾಳಿಗೆ 1 ಇರುವುದರಿಂದ ನೀರು ಸ್ವಲ್ಪ ಹೆಚ್ಚಾದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಕಡ್ಡಿಯನ್ನು ಅಲುಗಾಡಿಸಿ ಚುಚ್ಚಿದರೆ ಸುತ್ತ ಗಾಳಿ ಸೇರಿ ಅಂಕಿ ತಗ್ಗುತ್ತದೆ. ಮಣ್ಣಿನಲ್ಲಿ ಅಥವಾ ನೀರಿನಲ್ಲಿ ಲವಣ ಹೆಚ್ಚಿದ್ದರೆ, ಮುಖ್ಯವಾಗಿ ಅಗ್ಗದ ಮಾಪಕಗಳಲ್ಲಿ, ಅಂಕಿ ಹುಸಿಯಾಗಿ ಏರುತ್ತದೆ. ಕಡ್ಡಿಯುದ್ದಕ್ಕೂ ಇರುವ ತೇವದ ಸರಾಸರಿಯನ್ನು ಅದು ತೋರಿಸುವುದರಿಂದ ಕಡ್ಡಿಯು ಮೇಲಿನ ಒಣಹುಲ್ಲಿನ ಪದರವನ್ನು ದಾಟಿ ಬೇರಿರುವ ಆಳಕ್ಕೆ ತಲುಪಲೇಬೇಕು.

ನಿಮ್ಮಲ್ಲಿ ಕಂದಾಗಿರುವುದು ಯಾವ ಭಾಗವೆಂದು ತಿಳಿಸಿಲ್ಲ, ಪರಿಹಾರ ನಿಂತಿರುವುದು ಅದರ ಮೇಲೆಯೇ. ಅದು ಶೇ. 9ರ ಜಾಗವಾಗಿದ್ದರೆ ಸ್ಪ್ರಿಂಕ್ಲರ್ ನೀರು ಅಲ್ಲಿಗೆ ತಲುಪುತ್ತಿದೆಯೇ ಎಂದು ನೋಡಿ: ಒಂದೇ ಅಳತೆಯ ನೇರ ಗೋಡೆಯ ಡಬ್ಬಿಗಳನ್ನು ಹರಡಿಟ್ಟು, ನೀರು ಬಿಟ್ಟು, ಪ್ರತಿಯೊಂದರಲ್ಲೂ ಎಷ್ಟು ಮಿಲಿಮೀಟರ್ ನಿಂತಿದೆಯೆಂದು ಅಳೆಯಿರಿ. ಎಲ್ಲೆಡೆ ಸಮನಾಗಿ ಬಿದ್ದಿದ್ದರೂ ಆ ಜಾಗ ಒಣಗಿಯೇ ಇದ್ದರೆ ಮರಳುಮಣ್ಣು ನೀರನ್ನು ಹೀರದೆ ದೂಡುತ್ತಿರಬಹುದು. ಅಲ್ಲಿ ರಂಧ್ರ ಮಾಡಿ, ಸ್ವಲ್ಪಸ್ವಲ್ಪವೇ ನೀರು ಬಿಟ್ಟು ನೆನೆಸಬೇಕು. ಕಂದಾಗಿರುವುದು ಶೇ. 22ರ ಜಾಗವಾಗಿದ್ದರೆ, ಇನ್ನಷ್ಟು ನೀರು ಸುರಿಯುವ ಮೊದಲು ಬೇರನ್ನು ಅಗೆದು ನೋಡಿ. ಸದಾ ನೆನೆದ ಮಣ್ಣಿನಲ್ಲಿ ಆಮ್ಲಜನಕ ಸಿಗದೆ ಬೇರು ಕೊಳೆಯುತ್ತದೆ, ಆಗಲೂ ಹುಲ್ಲು ನೀರಿಲ್ಲದಂತೆಯೇ ಬಾಡಿ ಕಾಣುತ್ತದೆ. ಅದೇನೇ ಇದ್ದರೂ ದಿನನಿತ್ಯ ಸ್ವಲ್ಪ ನೀರು ಚಿಮುಕಿಸುವುದು ನನಗೆ ಒಪ್ಪಿಗೆಯಿಲ್ಲ. ಬೇರು ಮೇಲುಮೇಲಿನಲ್ಲಿಯೇ ಉಳಿದು ಮೊದಲ ಬಿಸಿಲಿಗೇ ಸೋಲುತ್ತದೆ.

ಪ್ರಶ್ನೆ: ಮಾಪಕವಿಲ್ಲದೆ ತೇವವನ್ನು ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಉದ್ದನೆಯ ಸ್ಕ್ರೂಡ್ರೈವರ್ ಸಲೀಸಾಗಿ ಎಷ್ಟು ಆಳ ಇಳಿಯುತ್ತದೆಯೋ ಅಲ್ಲಿಯವರೆಗೆ ತೇವವಿದೆಯೆಂದು ಅಂದಾಜಿಸಬಹುದು. ಕರಾರುವಾಕ್ಕಾದ ಲೆಕ್ಕ ಬೇಕಿದ್ದರೆ ಮಣ್ಣಿನ ಮಾದರಿಯನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಆದರೆ ಅದು ತೂಕದ ಲೆಕ್ಕದ ಶೇಕಡಾವಾರು. ಮಾಪಕದ ಗಾತ್ರದ ಲೆಕ್ಕದೊಡನೆ ಅದನ್ನು ನೇರವಾಗಿ ಹೋಲಿಸಬಾರದು.